ಸುತ್ತಿನಲ್ಲಿ ಸಿಕ್ಕಿದ ಗಡಿಯಾರ: ಜಾವಾ ಲೂಪುಗಳ ಜಾಡು ಹಿಡಿಯುವ ಬಗೆ

2008ನೆಯ ಇಸವಿಯ ಡಿಸೆಂಬರ್ 31ರಂದು ಒಂದು ವಿಚಿತ್ರ ನಡೆಯಿತು. ಮೈಕ್ರೋಸಾಫ್ಟ್ ಸಂಸ್ಥೆಯವರು 2006ರಲ್ಲಿ ಮಾರಾಟಕ್ಕೆ ತಂದಿದ್ದ 'ಝೂನ್' ಎಂಬ ಸಂಗೀತ ನುಡಿಸುವ ಪುಟ್ಟ ಉಪಕರಣಗಳ ಪೈಕಿ 30 ಗಿಗಾಬೈಟ್ ಮಾದರಿಯವು ಆ ಒಂದು ದಿನ ಸಾವಿರಾರು ಸಂಖ್ಯೆಯಲ್ಲಿ ನಿಶ್ಚೇಷ್ಟಿತವಾದುವು. ತೆರೆಯ ಮೇಲೆ ಆರಂಭದ ಚಿತ್ರ ಮೂಡುವುದು, ಅಲ್ಲಿಗೇ ನಿಂತುಬಿಡುವುದು. ಯಾವ ಗುಂಡಿಯನ್ನೊತ್ತಿದರೂ ಉತ್ತರವಿಲ್ಲ. ಸಂಸ್ಥೆಯವರು ಸೂಚಿಸಿದ ಪರಿಹಾರವೂ ಅಷ್ಟೇ ವಿಚಿತ್ರವಾಗಿತ್ತು. ಬ್ಯಾಟರಿಯ ಶಕ್ತಿ ಪೂರ್ತಿಯಾಗಿ ಮುಗಿಯುವವರೆಗೆ ಉಪಕರಣವನ್ನು ಸುಮ್ಮನೆ ಬಿಡಬೇಕು. ಗ್ರೀನಿಚ್ ಕಾಲದ ಪ್ರಕಾರ ಜನವರಿ 1ರ ಮಧ್ಯಾಹ್ನ ಕಳೆದ ಬಳಿಕ ಮತ್ತೆ ವಿದ್ಯುತ್ತು ತುಂಬಿ ಚಾಲನೆ ಮಾಡಬೇಕು. ಹಾಗೆ ಮಾಡಲಾಗಿ ಉಪಕರಣಗಳು ಏನೂ ಆಗಿರದಂತೆ ಮತ್ತೆ ಹಾಡತೊಡಗಿದುವು.

ಒಂದೇ ಒಂದು ದಿನ ಬಂದು, ಮರುದಿನ ತಾನಾಗಿಯೇ ವಾಸಿಯಾಗುವ ಈ ರೋಗ ಯಾವುದು? ಯಂತ್ರದೊಳಗೆ ತಂತಿ ಕಡಿದಿರಲಿಲ್ಲ, ಬಿಡಿಭಾಗ ಸುಟ್ಟಿರಲಿಲ್ಲ. ಇಸವಿಯನ್ನು ಲೆಕ್ಕ ಹಾಕುವ ಒಂದು ಸಣ್ಣ ಪ್ರೋಗ್ರಾಮಿನಲ್ಲಿ ಹತ್ತು ಹನ್ನೆರಡು ಸಾಲಿನ ಒಂದು ಲೂಪು ಇದ್ದಿತು. ಯಂತ್ರವು ಅದರೊಳಗೆ ಹೊಕ್ಕು ಹೊರಬರಲಾರದೆ ಸುತ್ತುತ್ತಿತ್ತು, ಅಷ್ಟೆ. ಕಾಗದ ಮತ್ತು ಸೀಸದಕಡ್ಡಿ ಹಿಡಿದು ಆ ಲೂಪಿನ ಜಾಡನ್ನು ಎರಡು ಸಾಲಿನಷ್ಟು ಬರೆದಿದ್ದರೆ ದೋಷವು ಕಣ್ಣಿಗೆ ಬೀಳುತ್ತಿತ್ತು. ಆ ಎರಡು ಸಾಲುಗಳನ್ನು ವಾಚಕರೇ ಬರೆಯಬಲ್ಲರು. ಅದಕ್ಕೆ ಬೇಕಾದ ಸಿದ್ಧತೆಯನ್ನು ಮೊದಲು ಮಾಡಿಕೊಳ್ಳೋಣ.

ಲೂಪೆಂದರೇನು?

ಗಣಕಯಂತ್ರಕ್ಕೆ ಇರುವ ಹೆಚ್ಚುಗಾರಿಕೆ ಎರಡೇ: ಅದಕ್ಕೆ ವೇಗವುಂಟು, ಬೇಸರವಿಲ್ಲ. ಒಂದು ಕೆಲಸವನ್ನು ಕೋಟಿ ಸಲ ಮಾಡೆಂದರೂ ಅದು ಮಾಡುವುದು. ಆದರೆ ಕೋಟಿ ಸಲ ಮಾಡಬೇಕಾದ ಕೆಲಸದ ಆಜ್ಞೆಯನ್ನು ಕೋಟಿ ಸಲ ಬರೆಯುವವರು ಯಾರು? ಆಜ್ಞೆಯನ್ನು ಒಂದೇ ಸಲ ಬರೆದು, 'ಇಂಥ ಷರತ್ತು ನಿಜವಾಗಿರುವ ತನಕ ಇದನ್ನೇ ಮಾಡುತ್ತಿರು' ಎಂದು ಹೇಳುವ ಉಪಾಯವೇ ಲೂಪ್. ಲೂಪ್ ಎಂದರೆ ಸುತ್ತು.

ಗಾಣದ ಎತ್ತೂ ಸುತ್ತುತ್ತದೆ. ಆದರೆ ಪ್ರತಿ ಸುತ್ತಿನಲ್ಲಿಯೂ ಕಾಳು ಅರೆದು ಎಣ್ಣೆ ಇಳಿಯುವುದರಿಂದಲೇ ಗಾಣಿಗನು ಎತ್ತನ್ನು ಯಾವಾಗ ಬಿಚ್ಚಬೇಕೆಂದು ಬಲ್ಲನು. ಲೂಪಿನಲ್ಲಿಯೂ ಹಾಗೆಯೇ. ಪ್ರತಿ ಸುತ್ತಿನಲ್ಲಿ ಏನಾದರೊಂದು ಬದಲಾಗಬೇಕು. ಆ ಬದಲಾವಣೆಯೇ ಲೂಪನ್ನು ಕೊನೆಗೆ ಕೊಂಡೊಯ್ಯಬೇಕು. ಆದುದರಿಂದ ಲೂಪಿಗೆ ನಾಲ್ಕು ಅಂಗಗಳೆಂದು ಹೇಳಬಹುದು. ಮೊದಲನೆಯದು ಆರಂಭ: ಸುತ್ತು ಹೊರಡುವ ಮುನ್ನ ಇರತಕ್ಕ ಬೆಲೆಗಳು. ಎರಡನೆಯದು ಷರತ್ತು: ಇನ್ನೊಂದು ಸುತ್ತು ಬೇಕೇ ಬೇಡವೇ ಎಂಬ ಪ್ರಶ್ನೆ. ಮೂರನೆಯದು ಒಡಲು: ಪ್ರತಿ ಸುತ್ತಿನಲ್ಲಿ ಮಾಡುವ ಕೆಲಸ. ನಾಲ್ಕನೆಯದು ಮುನ್ನಡೆ: ಷರತ್ತಿನ ಉತ್ತರವನ್ನು ಎಂದಾದರೊಮ್ಮೆ ಬದಲಿಸುವ ಹೆಜ್ಜೆ.

ಜಾವಾ ಭಾಷೆಯನ್ನು ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ಜೇಮ್ಸ್ ಗೋಸ್ಲಿಂಗ್ ಮತ್ತು ಅವರ ಸಂಗಡಿಗರು ರೂಪಿಸಿದರು. ಅದು 1995ರಲ್ಲಿ ಲೋಕದ ಬಳಕೆಗೆ ಬಂದಿತು. 2010ರಲ್ಲಿ ಆ ಸಂಸ್ಥೆಯನ್ನು ಒರಾಕಲ್ ಸಂಸ್ಥೆಯವರು ಕೊಂಡರು. ಜಾವಾದಲ್ಲಿ ಲೂಪಿನ ಮುಖ್ಯ ರೂಪಗಳು ಮೂರು: ವೈಲ್, ಫಾರ್ ಮತ್ತು ಡು-ವೈಲ್. ಇವು ಹಳೆಯ 'ಸಿ' ಭಾಷೆಯಿಂದ ಬಂದ ಬಳುವಳಿ. 2004ರ ಐದನೆಯ ಆವೃತ್ತಿಯಲ್ಲಿ, ಒಂದು ಪಟ್ಟಿಯ ಸದಸ್ಯರನ್ನು ಒಬ್ಬೊಬ್ಬರಾಗಿ ಮುಟ್ಟಿಸುವ ಇನ್ನೊಂದು ಬಗೆಯ ಫಾರ್ ಸೇರಿತು.

ಇಲ್ಲಿ ಒಂದು ಮಾತು. ವೈಲ್, ಇಫ್ ಮೊದಲಾದ ಜಾವಾ ಪದಗಳನ್ನು ನಾವು ಈ ಪುಟಗಳಲ್ಲಿ ಉಚ್ಚಾರಣೆಗೆ ಅನುಸಾರವಾಗಿ ಕನ್ನಡ ಲಿಪಿಯಲ್ಲಿ ಬರೆದಿದ್ದೇವೆ. ಯಂತ್ರಕ್ಕೆ ಕೊಡುವಾಗ ಇವನ್ನು ರೋಮನ್ ಲಿಪಿಯಲ್ಲಿಯೇ ಬರೆಯಬೇಕು. ಆದರೆ 'ಮೊತ್ತ', 'ದಿನ' ಮುಂತಾಗಿ ನಾವು ಇಡುವ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಉಳಿಸಬಹುದು. ಯೂನಿಕೋಡ್ ಪಟ್ಟಿಗೆ ಸೇರಿದ ಯಾವ ಲಿಪಿಯ ಅಕ್ಷರಗಳನ್ನಾದರೂ ಹೆಸರಿನಲ್ಲಿ ಬಳಸಲು ಜಾವಾ ಒಪ್ಪುತ್ತದೆ.

ಜಾಡುಪಟ್ಟಿ

ಒಂದು ಸರಳವಾದ ಲೂಪನ್ನು ನೋಡೋಣ:

ಇಂಟ್ ಬೆಸ = 1;
ಇಂಟ್ ಮೊತ್ತ = 0;
ವೈಲ್ (ಮೊತ್ತ < 20) {
    ಮೊತ್ತ = ಮೊತ್ತ + ಬೆಸ;
    ಬೆಸ = ಬೆಸ + 2;
}

'ಇಂಟ್' ಎಂದರೆ ಪೂರ್ಣಾಂಕವನ್ನು ಹಿಡಿದಿಡುವ ಒಂದು ಗೂಡು. ಈ ಗೂಡಿಗೆ ಚರವೆಂದು ಹೆಸರು. ಇಲ್ಲಿನ '=' ಚಿಹ್ನೆಯು ಗಣಿತದ ಸಮ ಚಿಹ್ನೆಯಲ್ಲ; ಬಲಗಡೆಯ ಬೆಲೆಯನ್ನು ಎಡಗಡೆಯ ಗೂಡಿನಲ್ಲಿ ಇಡು ಎಂಬ ಆಜ್ಞೆ. ಲೂಪು ಮುಗಿದಾಗ 'ಮೊತ್ತ' ಎಷ್ಟಿರುವುದು? 'ಬೆಸ' ಎಷ್ಟಿರುವುದು? ಊಹಿಸಿ ಹೇಳುವುದನ್ನು ಬಿಟ್ಟು, ಒಂದೊಂದು ಸುತ್ತಿನ ಕೊನೆಯಲ್ಲಿ ಗೂಡುಗಳಲ್ಲಿ ಉಳಿಯುವ ಬೆಲೆಗಳನ್ನು ಬರೆದುಕೊಳ್ಳೋಣ:

ಆರಂಭ: ಮೊತ್ತ 0, ಬೆಸ 1
0 < 20 ನಿಜ. ಸುತ್ತು 1: ಮೊತ್ತ 1, ಬೆಸ 3
1 < 20 ನಿಜ. ಸುತ್ತು 2: ಮೊತ್ತ 4, ಬೆಸ 5
4 < 20 ನಿಜ. ಸುತ್ತು 3: ಮೊತ್ತ 9, ಬೆಸ 7
9 < 20 ನಿಜ. ಸುತ್ತು 4: ಮೊತ್ತ 16, ಬೆಸ 9
16 < 20 ನಿಜ. ಸುತ್ತು 5: ಮೊತ್ತ 25, ಬೆಸ 11
25 < 20 ಸುಳ್ಳು. ಮುಕ್ತಾಯ.

ಇದೇ ಜಾಡುಪಟ್ಟಿ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವ ಎರಡು ಸ್ಥಳಗಳು ಇದರಲ್ಲಿ ಸ್ಪಷ್ಟವಾಗಿವೆ. ಐದನೆಯ ಸುತ್ತಿನ ನಡುವೆ ಮೊತ್ತವು 20ನ್ನು ದಾಟಿತು. ಆದರೂ ಲೂಪು ಅಲ್ಲಿಯೇ ನಿಲ್ಲಲಿಲ್ಲ. ಷರತ್ತನ್ನು ಪರೀಕ್ಷಿಸುವುದು ಸುತ್ತಿನ ಬಾಗಿಲಿನಲ್ಲಿ ಮಾತ್ರ, ಒಡಲಿನ ನಡುವೆ ಅಲ್ಲ. ಆದುದರಿಂದ 'ಬೆಸ' 9ರಲ್ಲಿ ನಿಲ್ಲದೆ 11 ಆಯಿತು. ಎರಡನೆಯದಾಗಿ, ಷರತ್ತು ಸುಳ್ಳಾದ ಕೊನೆಯ ಪರೀಕ್ಷೆಯನ್ನೂ ಬರೆಯತಕ್ಕದ್ದು. ಸುತ್ತುಗಳು ಐದಾದರೆ ಪರೀಕ್ಷೆಗಳು ಆರು.

ಈ ಪಟ್ಟಿಯ ಕ್ರಮ ಇಂದಿನದಲ್ಲ. ಚಾರ್ಲ್ಸ್ ಬ್ಯಾಬೇಜನು ಯೋಚಿಸಿದ್ದ ವಿಶ್ಲೇಷಕ ಯಂತ್ರವನ್ನು ಕುರಿತು 1843ರಲ್ಲಿ ಟಿಪ್ಪಣಿಗಳನ್ನು ಬರೆದ ಆಡಾ ಲವ್‌ಲೇಸ್, ಬರ್ನೂಲಿ ಸಂಖ್ಯೆಗಳ ಗಣನೆಯನ್ನು ವಿವರಿಸಲು ಇಂಥದೇ ದೊಡ್ಡ ಪಟ್ಟಿಯೊಂದನ್ನು ಕೊಟ್ಟಿದ್ದಾಳೆ. ಒಂದೊಂದು ಕ್ರಿಯೆಗೆ ಒಂದೊಂದು ಸಾಲು. ಒಂದೊಂದು ಚರಕ್ಕೆ ಒಂದೊಂದು ಅಂಕಣ. ಆ ಯಂತ್ರವನ್ನು ಪೂರ್ಣವಾಗಿ ಕಟ್ಟಲೇ ಇಲ್ಲವಾದ್ದರಿಂದ ಪಟ್ಟಿಯನ್ನು ಯಂತ್ರಕ್ಕೆ ಕೊಟ್ಟು ನೋಡುವ ಅವಕಾಶವೇ ಇರಲಿಲ್ಲ. ಅಚ್ಚಾದ ಆ ಪಟ್ಟಿಯ ಒಂದು ಭಾಗಾಕಾರದಲ್ಲಿ ಭಾಜ್ಯ ಭಾಜಕಗಳು ಅದಲುಬದಲಾಗಿರುವುದನ್ನು ಮುಂದಿನವರು ಕಂಡುಹಿಡಿದದ್ದು, ಸಾಲುಸಾಲಾಗಿ ಜಾಡು ಹಿಡಿದೇ.

ಜಾಡುಪಟ್ಟಿಯಿಂದ ಇನ್ನೊಂದು ಲಾಭವುಂಟು. ಮೊತ್ತದ ಅಂಕಣವನ್ನು ಮೇಲಿನಿಂದ ಕೆಳಕ್ಕೆ ಓದಿರಿ: 1, 4, 9, 16, 25. ಎಲ್ಲವೂ ವರ್ಗಸಂಖ್ಯೆಗಳು! 'ಕ' ಸುತ್ತುಗಳ ಬಳಿಕ ಮೊತ್ತವು ಕ × ಕ, 'ಬೆಸ'ದ ಬೆಲೆ 2ಕ + 1. ಇವೆರಡನ್ನು ಕೂಡಿಸಿದರೆ ಬರುವುದು (ಕ + 1)ರ ವರ್ಗ. ಆದುದರಿಂದ ಮುಂದಿನ ಸುತ್ತಿನಲ್ಲಿಯೂ ಈ ಸಂಬಂಧ ಉಳಿಯಲೇಬೇಕು. ಸುತ್ತು ಎಷ್ಟಾದರೂ ಕೆಡದೆ ಉಳಿಯುವ ಇಂಥ ಸಂಬಂಧಕ್ಕೆ ಸ್ಥಿರಸಂಬಂಧವೆಂದು ಕರೆಯೋಣ. ಐದು ಸಾಲು ಬರೆದು, ಐದು ಲಕ್ಷ ಸಾಲಿನ ಸಂಗತಿಯನ್ನು ನಾವು ತಿಳಿದಂತಾಯಿತು.

ರೂಪದಿಂದ ರೂಪಕ್ಕೆ

ಒಂದು ರೂಪದ ಲೂಪನ್ನು ಇನ್ನೊಂದಕ್ಕೆ ಮಾರ್ಪಡಿಸುವುದು ಒಳ್ಳೆಯ ಅಭ್ಯಾಸ. ಮೇಲಿನ ವೈಲ್ ಲೂಪು ಫಾರ್ ರೂಪದಲ್ಲಿ ಹೀಗಾಗುವುದು:

ಇಂಟ್ ಮೊತ್ತ = 0;
ಫಾರ್ (ಇಂಟ್ ಬೆಸ = 1; ಮೊತ್ತ < 20; ಬೆಸ = ಬೆಸ + 2) {
    ಮೊತ್ತ = ಮೊತ್ತ + ಬೆಸ;
}

ಆರಂಭ, ಷರತ್ತು, ಮುನ್ನಡೆ ಮೂರೂ ತಲೆಸಾಲಿನಲ್ಲಿ ಕುಳಿತವು. ಒಡಲಿನಲ್ಲಿ ಕೆಲಸ ಮಾತ್ರ ಉಳಿಯಿತು. ಮುನ್ನಡೆಯನ್ನು ಮೇಲೆ ಬರೆದಿದ್ದರೂ ಅದು ನಡೆಯುವುದು ಒಡಲು ಮುಗಿದ ಬಳಿಕ. ಈ ಸಂಗತಿಯನ್ನು ಮರೆತರೆ ಜಾಡು ಮೊದಲನೆಯ ಸಾಲಿನಲ್ಲಿಯೇ ತಪ್ಪುವುದು. ಇನ್ನೊಂದು ಭೇದವುಂಟು: ತಲೆಸಾಲಿನಲ್ಲಿ ಹುಟ್ಟಿದ 'ಬೆಸ' ಲೂಪಿನ ಹೊರಗೆ ಬದುಕುವುದಿಲ್ಲ. ಅದರ ಕೊನೆಯ ಬೆಲೆ ಮುಂದೆಯೂ ಬೇಕಾದರೆ ಆ ಚರವನ್ನು ಲೂಪಿಗೆ ಮೊದಲೇ ಘೋಷಿಸಬೇಕು.

ಇಷ್ಟು ಸುಲಭವಾದರೆ ಮಾರ್ಪಡಿಸುವುದರಲ್ಲಿ ಅಪಾಯವೇನು ಎಂದು ಕೇಳಬಹುದು. 1ರಿಂದ 5ರವರೆಗಿನ ಸಂಖ್ಯೆಗಳಲ್ಲಿ 3ನ್ನು ಬಿಟ್ಟು ಉಳಿದವನ್ನು ಕೂಡಿಸುವ ಈ ಲೂಪನ್ನು ಪರೀಕ್ಷಿಸೋಣ:

ಇಂಟ್ ಮೊತ್ತ = 0;
ಫಾರ್ (ಇಂಟ್ ಎಣಿಕೆ = 1; ಎಣಿಕೆ <= 5; ಎಣಿಕೆ = ಎಣಿಕೆ + 1) {
    ಇಫ್ (ಎಣಿಕೆ == 3) ಕಂಟಿನ್ಯೂ;
    ಮೊತ್ತ = ಮೊತ್ತ + ಎಣಿಕೆ;
}

'ಇಫ್' ಎಂದರೆ 'ಹೀಗಿದ್ದರೆ'. 'ಕಂಟಿನ್ಯೂ' ಎಂದರೆ 'ಈ ಸುತ್ತನ್ನು ಇಲ್ಲಿಗೇ ಬಿಟ್ಟು ಮುಂದಿನದಕ್ಕೆ ಹೋಗು'. ಜಾಡು ಹಿಡಿದರೆ ಮೊತ್ತವು 1, 3, 3, 7, 12 ಎಂದು ನಡೆದು 12ರಲ್ಲಿ ಮುಗಿಯುವುದು. ಈಗ ಮುನ್ನಡೆಯನ್ನು ಒಡಲಿನ ಕೊನೆಗೆ ಇಳಿಸಿ, ವಿಚಾರ ಮಾಡದೆ ವೈಲ್ ರೂಪಕ್ಕೆ ತರೋಣ:

ಇಂಟ್ ಮೊತ್ತ = 0;
ಇಂಟ್ ಎಣಿಕೆ = 1;
ವೈಲ್ (ಎಣಿಕೆ <= 5) {
    ಇಫ್ (ಎಣಿಕೆ == 3) ಕಂಟಿನ್ಯೂ;
    ಮೊತ್ತ = ಮೊತ್ತ + ಎಣಿಕೆ;
    ಎಣಿಕೆ = ಎಣಿಕೆ + 1;
}

ಸುತ್ತು 1: ಮೊತ್ತ 1, ಎಣಿಕೆ 2
ಸುತ್ತು 2: ಮೊತ್ತ 3, ಎಣಿಕೆ 3
ಸುತ್ತು 3: ಮೊತ್ತ 3, ಎಣಿಕೆ 3
ಸುತ್ತು 4: ಮೊತ್ತ 3, ಎಣಿಕೆ 3

ಇನ್ನು ಮುಂದೆ ಬರೆಯುವುದು ವ್ಯರ್ಥ. ಸುತ್ತಿನ ಹಿಂದೆ ಇದ್ದ ಬೆಲೆಗಳೇ ಸುತ್ತಿನ ಬಳಿಕವೂ ಇದ್ದರೆ, ಯಂತ್ರವು ಅನಂತಕಾಲ ಅಲ್ಲಿಯೇ ಸುತ್ತುವುದು. ಫಾರ್ ರೂಪದಲ್ಲಿ ಕಂಟಿನ್ಯೂ ಎಂದಾಗ ಯಂತ್ರವು ಮುನ್ನಡೆಯ ಮೂಲಕವೇ ಬಾಗಿಲಿಗೆ ಹೋಗುತ್ತಿತ್ತು. ವೈಲ್ ರೂಪದಲ್ಲಿ ಮುನ್ನಡೆಯು ಒಡಲಿನ ಕೊನೆಯ ಸಾಲಾಗಿದೆ. ಕಂಟಿನ್ಯೂ ಅದನ್ನು ಹಾರಿ ಹೋಯಿತು. ಕಂಟಿನ್ಯೂಗೆ ಮುನ್ನವೂ ಎಣಿಕೆಯನ್ನು ಒಂದು ಹೆಚ್ಚಿಸಿದರೆ, ಅಥವಾ ಎಣಿಕೆ 3 ಆಗಿರದಿದ್ದರೆ ಮಾತ್ರ ಕೂಡಿಸು ಎಂದು ಷರತ್ತನ್ನು ತಿರುಗಿಸಿ ಕಂಟಿನ್ಯೂವನ್ನೇ ತೆಗೆದುಹಾಕಿದರೆ, ಎರಡು ರೂಪಗಳೂ ಸಮನಾಗುವುವು.

ಡು-ವೈಲ್ ರೂಪದ ಅಪಾಯ ಬೇರೆ ಬಗೆಯದು. ಇದರಲ್ಲಿ ಬಾಗಿಲು ಹಿಂಬದಿಯಲ್ಲಿದೆ: ಮೊದಲು ಒಡಲು, ಆಮೇಲೆ ಷರತ್ತು. ಆದುದರಿಂದ ಒಂದು ಸುತ್ತಂತೂ ನಡೆದೇ ನಡೆಯುವುದು. ಒಂದು ಸಂಖ್ಯೆಯಲ್ಲಿ ಎಷ್ಟು ಅಂಕಿಗಳಿವೆಯೆಂದು ಎಣಿಸುವ ಕೆಲಸವನ್ನು ತೆಗೆದುಕೊಳ್ಳಿರಿ:

ಇಂಟ್ ಅಂಕಿ = 0;
ವೈಲ್ (ಸಂಖ್ಯೆ > 0) {
    ಸಂಖ್ಯೆ = ಸಂಖ್ಯೆ / 10;
    ಅಂಕಿ = ಅಂಕಿ + 1;
}

ಜಾವಾದಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಶೇಷವು ಬಿದ್ದುಹೋಗುತ್ತದೆ. ಸಂಖ್ಯೆ 507 ಆಗಿದ್ದರೆ ಅದು 50, 5, 0 ಎಂದು ಇಳಿದು, ಅಂಕಿಗಳು 3 ಎಂಬ ಉತ್ತರ ಬರುವುದು. ಸರಿಯೇ. ಆದರೆ ಸಂಖ್ಯೆ 0 ಆಗಿದ್ದರೆ? ಬಾಗಿಲಲ್ಲಿಯೇ ಷರತ್ತು ಸುಳ್ಳು, ಸುತ್ತು ನಡೆಯಲೇ ಇಲ್ಲ, ಅಂಕಿಗಳು 0! ಸೊನ್ನೆಯನ್ನು ಬರೆಯಲು ಒಂದು ಅಂಕಿ ಬೇಕಷ್ಟೆ. ಇದೇ ಲೂಪನ್ನು ಡು-ವೈಲ್ ರೂಪಕ್ಕೆ ತಂದರೆ 507ಕ್ಕೆ 3, ಸೊನ್ನೆಗೆ 1 ಎಂಬ ಉತ್ತರಗಳು ಬರುವುವು. ಇಲ್ಲಿ ರೂಪಾಂತರವು ದೋಷವನ್ನು ತಿದ್ದಿತು. ಇನ್ನೊಂದು ಕಡೆ ಇದೇ ರೂಪಾಂತರವು ದೋಷವನ್ನು ತರಬಹುದು. ಒಂದೂ ಸುತ್ತು ಬೇಡವಾದ ಸಂದರ್ಭವುಂಟೇ ಎಂಬುದನ್ನು ವಿಚಾರಿಸಿಯೇ ಈ ಬದಲಾವಣೆಯನ್ನು ಮಾಡತಕ್ಕದ್ದು.

ಡಿಸೆಂಬರ್ 31ರ ರಹಸ್ಯ

ಈಗ ಝೂನ್ ಉಪಕರಣಕ್ಕೆ ಹಿಂದಿರುಗೋಣ. ಅದರೊಳಗಿನ ಗಡಿಯಾರವು 1980ರ ಜನವರಿ 1ನ್ನು ಒಂದನೆಯ ದಿನವೆಂದಿಟ್ಟುಕೊಂಡು ದಿನಗಳನ್ನು ಎಣಿಸುತ್ತಿತ್ತು. ದಿನಗಳ ಎಣಿಕೆಯಿಂದ ಇಸವಿಯನ್ನು ತೆಗೆಯುವ ಪ್ರೋಗ್ರಾಮು 'ಸಿ' ಭಾಷೆಯಲ್ಲಿದ್ದಿತು. ಲೂಪಿನ ಮಟ್ಟಿಗೆ ಸಿ ಮತ್ತು ಜಾವಾ ಒಂದೇ ಆದ್ದರಿಂದ ಅದರ ಸಾರವನ್ನು ನಮ್ಮ ಹೆಸರುಗಳಲ್ಲಿ ಹೀಗೆ ಬರೆಯಬಹುದು:

ವರ್ಷ = 1980;
ವೈಲ್ (ದಿನ > 365) {
    ಇಫ್ (ಅಧಿಕವರ್ಷವೇ(ವರ್ಷ)) {
        ಇಫ್ (ದಿನ > 366) {
            ದಿನ = ದಿನ - 366;
            ವರ್ಷ = ವರ್ಷ + 1;
        }
    } ಎಲ್ಸ್ {
        ದಿನ = ದಿನ - 365;
        ವರ್ಷ = ವರ್ಷ + 1;
    }
}

ಓದಿದರೆ ಸರಿಯಾಗಿಯೇ ಕಾಣುವುದು. ಫೆಬ್ರವರಿಗೆ 29 ದಿನಗಳಿರುವ ಅಧಿಕ ವರ್ಷವಾದರೆ 366 ಕಳೆ, ಇಲ್ಲವಾದರೆ (ಎಲ್ಸ್) 365 ಕಳೆ. ಕಳೆದಂತೆಲ್ಲ ಇಸವಿಯನ್ನು ಒಂದು ಹೆಚ್ಚಿಸು. ಉಳಿದದ್ದು ಆ ವರ್ಷದ ಎಷ್ಟನೆಯ ದಿನವೆಂಬುದು.

ಈಗ ಆ ಅಶುಭ ದಿನದ ಲೆಕ್ಕವನ್ನು ಮಾಡೋಣ. 1980ರಿಂದ 2007ರವರೆಗೆ 28 ವರ್ಷಗಳು; ಅವುಗಳಲ್ಲಿ 7 ಅಧಿಕ ವರ್ಷಗಳು. ಒಟ್ಟು ದಿನಗಳು 28 × 365 + 7, ಅಂದರೆ 10,227. 2008ರ ಡಿಸೆಂಬರ್ 31 ಎಂಬುದು 10,593ನೆಯ ದಿನ. ಲೂಪು 28 ಸುತ್ತುಗಳನ್ನು ನಿರ್ವಿಘ್ನವಾಗಿ ಸುತ್ತಿ 10,227 ದಿನಗಳನ್ನು ಕಳೆದಾಗ ಉಳಿಯುವುದು: ವರ್ಷ 2008, ದಿನ 366. ಇಲ್ಲಿಂದ ಜಾಡನ್ನು ಬರೆಯಿರಿ:

366 > 365 ನಿಜ. 2008 ಅಧಿಕ ವರ್ಷ, ನಿಜ. 366 > 366 ಸುಳ್ಳು. ಸುತ್ತು 29: ವರ್ಷ 2008, ದಿನ 366
366 > 365 ನಿಜ. 2008 ಅಧಿಕ ವರ್ಷ, ನಿಜ. 366 > 366 ಸುಳ್ಳು. ಸುತ್ತು 30: ವರ್ಷ 2008, ದಿನ 366

ಎರಡೇ ಸಾಲು! ಬಾಗಿಲಿನ ಷರತ್ತು ಒಳಗೆ ಬಾ ಎನ್ನುತ್ತದೆ. ಒಳಗಿನ ಷರತ್ತು ನಿನಗಿಲ್ಲಿ ಕೆಲಸವಿಲ್ಲವೆನ್ನುತ್ತದೆ. ಹಿಂದಿನ ದಿನವಾದ ಡಿಸೆಂಬರ್ 30ರಂದು ಉಳಿಯುವ ದಿನ 365. ಬಾಗಿಲಲ್ಲಿಯೇ ಷರತ್ತು ಸುಳ್ಳಾಗಿ ಲೂಪು ಮುಗಿಯುತ್ತಿತ್ತು. ಮರುದಿನವಾದ ಜನವರಿ 1ರಂದು ಉಳಿಯುವುದು 367. ಅದರಲ್ಲಿ 366 ಕಳೆದು, 2009ರ ಮೊದಲನೆಯ ದಿನವೆಂದು ಸರಿಯಾದ ಉತ್ತರ ಬರುತ್ತಿತ್ತು. ಮಾರಾಟಕ್ಕೆ ಬಂದ ಮೇಲೆ ಝೂನ್ ಕಂಡ ಮೊದಲ ಅಧಿಕ ವರ್ಷವೇ 2008. ಅದರ 366ನೆಯ ದಿನ ಬರುವವರೆಗೆ ದೋಷವು ಹೊರಗೆ ಕಾಣಲು ಅವಕಾಶವಿರಲಿಲ್ಲ. ಬ್ಯಾಟರಿ ಬರಿದಾಗುವವರೆಗೆ ಕಾಯಿರಿ ಎಂಬ ವಿಚಿತ್ರ ಪರಿಹಾರದ ಅರ್ಥವೂ ಈಗ ತಿಳಿಯಿತಷ್ಟೆ. ಸುತ್ತಿನಿಂದ ಯಂತ್ರವನ್ನು ಬಿಡಿಸಲು ವಿದ್ಯುತ್ತು ನಿಲ್ಲಬೇಕಾಗಿತ್ತು. ಮತ್ತೆ ಸಿಕ್ಕಿಕೊಳ್ಳದಿರಲು ದಿನ ಬದಲಾಗಬೇಕಾಗಿತ್ತು.

ಈ ರೋಗವೂ ಮೇಲಿನ ಕಂಟಿನ್ಯೂ ರೋಗವೂ ಒಂದೇ ಎಂಬುದನ್ನು ಗಮನಿಸಿರಿ. ಒಡಲಿನೊಳಗೆ ಯಂತ್ರ ಹಾದುಹೋಗಬಹುದಾದ ದಾರಿಗಳು ಹಲವು. ಅವುಗಳಲ್ಲಿ ಒಂದು ದಾರಿಯಲ್ಲಿ ಮುನ್ನಡೆ ಇರಲಿಲ್ಲ. ಆದುದರಿಂದ ಲೂಪನ್ನು ಬರೆಯುವಾಗಲೂ ಮಾರ್ಪಡಿಸುವಾಗಲೂ ಕೇಳಬೇಕಾದ ಮುಖ್ಯ ಪ್ರಶ್ನೆ ಇದು: ಒಡಲಿನ ಪ್ರತಿಯೊಂದು ದಾರಿಯೂ ನಮ್ಮನ್ನು ಮುಕ್ತಾಯದ ಕಡೆಗೆ ಒಂದು ಹೆಜ್ಜೆಯಾದರೂ ಒಯ್ಯುವುದೇ?

ಝೂನ್ ಲೂಪನ್ನು ಈ ದೃಷ್ಟಿಯಿಂದ ತಿದ್ದೋಣ. ಎರಡು ಕಡೆ ಇದ್ದ ಷರತ್ತನ್ನು ಒಂದೇ ಕಡೆಗೆ ತಂದರಾಯಿತು:

ಇಂಟ್ ಉದ್ದ = ವರ್ಷದಉದ್ದ(ವರ್ಷ);
ವೈಲ್ (ದಿನ > ಉದ್ದ) {
    ದಿನ = ದಿನ - ಉದ್ದ;
    ವರ್ಷ = ವರ್ಷ + 1;
    ಉದ್ದ = ವರ್ಷದಉದ್ದ(ವರ್ಷ);
}

'ವರ್ಷದಉದ್ದ' ಎಂಬುದು ಅಧಿಕ ವರ್ಷಕ್ಕೆ 366, ಉಳಿದವಕ್ಕೆ 365 ಎಂದು ಉತ್ತರ ಕೊಡುವ ಉಪಪ್ರೋಗ್ರಾಮು. ಈಗ ಒಡಲಿನಲ್ಲಿ ದಾರಿ ಒಂದೇ. ಪ್ರತಿ ಸುತ್ತಿನಲ್ಲಿ 'ದಿನ'ವು ಕನಿಷ್ಠಪಕ್ಷ 365ರಷ್ಟು ಕಡಿಮೆಯಾಗಲೇಬೇಕು. ಕಡಿಮೆಯಾಗುತ್ತಲೇ ಹೋಗುವ ಸಂಖ್ಯೆಯು ಎಂದಾದರೂ 'ಉದ್ದ'ಕ್ಕಿಂತ ಕೆಳಗಿಳಿಯಲೇಬೇಕು. ಲೂಪು ಮುಗಿಯುವುದೆಂಬುದಕ್ಕೆ ಇದೇ ಸಾಧನೆ. 2008, 366 ಎಂಬ ಬೆಲೆಗಳನ್ನಿಟ್ಟು ನೋಡಿದರೆ 366 > 366 ಸುಳ್ಳಾಗಿ, ಆ ವರ್ಷದ 366ನೆಯ ದಿನವೆಂಬ ಸರಿಯಾದ ಉತ್ತರವೇ ದೊರೆಯುವುದು.

ಯಂತ್ರದ ಅಂಕಗಣಿತ

ಜಾಡು ಹಿಡಿಯುವಾಗ ನಮ್ಮ ಗಣಿತವನ್ನು ಬಿಟ್ಟು ಯಂತ್ರದ ಗಣಿತವನ್ನು ಅನುಸರಿಸಬೇಕು. ಜಾವಾದ ಇಂಟ್ ಗೂಡಿನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2,147,483,647. ಅದಕ್ಕೆ ಒಂದನ್ನು ಕೂಡಿಸಿದರೆ ಯಂತ್ರವು ದೂರು ಹೇಳುವುದಿಲ್ಲ. ಮೀಟರಿನ ಅಂಕಿಗಳು ಉರುಳಿದಂತೆ ಉರುಳಿ −2,147,483,648 ಆಗುವುದು.

ಇದು ಬರಿಯ ಕುತೂಹಲದ ವಿಷಯವಲ್ಲ. ಜೋಡಿಸಿಟ್ಟ ಪಟ್ಟಿಯಲ್ಲಿ ಒಂದು ಸಂಖ್ಯೆಯನ್ನು ಹುಡುಕಲು, ಪಟ್ಟಿಯನ್ನು ಮತ್ತೆ ಮತ್ತೆ ನಡುವೆ ಸೀಳುತ್ತ ಹೋಗುವ ವಿಧಾನಕ್ಕೆ ದ್ವಿಭಾಜಕ ಶೋಧವೆಂದು ಹೆಸರು. ಜಾವಾದೊಂದಿಗೇ ಬರುವ ಭಂಡಾರದಲ್ಲಿ ಈ ವಿಧಾನದ ಲೂಪು ಇದ್ದಿತು. ಪಟ್ಟಿಯ ನಡುವನ್ನು ಅದು (ಕೆಳತುದಿ + ಮೇಲ್ತುದಿ) / 2 ಎಂದು ಕಂಡುಹಿಡಿಯುತ್ತಿತ್ತು. ಲೋಕದ ಪ್ರೋಗ್ರಾಮುಗಳೆಲ್ಲ ಅದನ್ನು ಹಲವು ವರ್ಷ ನಂಬಿ ಬಳಸಿದುವು. 2006ರಲ್ಲಿ, ಆ ಲೂಪನ್ನು ಬರೆದಿದ್ದ ಜೋಶುವಾ ಬ್ಲಾಕ್ ಅವರೇ ಅದರ ದೋಷವನ್ನು ಬಹಿರಂಗಪಡಿಸಿದರು. ಪಟ್ಟಿಯಲ್ಲಿ ನೂರೇಳು ಕೋಟಿಗೂ ಮಿಕ್ಕಿದ ಸದಸ್ಯರಿದ್ದರೆ ಎರಡು ತುದಿಗಳ ಮೊತ್ತವು ಇಂಟ್ ಗೂಡಿನಿಂದ ಉಕ್ಕಿ ಋಣಸಂಖ್ಯೆಯಾಗಬಹುದು. ಆಗ 'ನಡು' ಎಂಬುದು ಪಟ್ಟಿಯ ಹೊರಗೆ ಬೀಳುವುದು. ಕೆಳತುದಿ + (ಮೇಲ್ತುದಿ − ಕೆಳತುದಿ) / 2 ಎಂದು ಬರೆದರೆ ಈ ತೊಂದರೆ ಇಲ್ಲ. ಶಾಲೆಯ ಬೀಜಗಣಿತದಲ್ಲಿ ಇವೆರಡೂ ಒಂದೇ. ಯಂತ್ರದಲ್ಲಿ ಬೇರೆ ಬೇರೆ.

ಹಾಗಾದರೆ ಯಾವ ಯಾವ ಬೆಲೆಗಳಿಗೆ ಜಾಡು ಹಿಡಿಯಬೇಕು? ಎಲ್ಲ ಬೆಲೆಗಳಿಗೂ ಹಿಡಿಯುವುದು ಅಸಾಧ್ಯ. ಒಂದೂ ಸುತ್ತು ನಡೆಯದ ಬೆಲೆ, ಒಂದೇ ಸುತ್ತು ನಡೆಯುವ ಬೆಲೆ, ಷರತ್ತಿನ ಗಡಿಯಲ್ಲಿರುವ ಬೆಲೆ, ಗಡಿಗೆ ಒಂದು ಕಡಿಮೆ, ಗಡಿಗೆ ಒಂದು ಹೆಚ್ಚು, ಕೊನೆಗೆ ಗೂಡಿನಲ್ಲಿ ಹಿಡಿಸುವ ಅತಿ ದೊಡ್ಡ ಬೆಲೆ: ಇಷ್ಟನ್ನು ಬಿಡದೆ ನೋಡಿದರೆ ಹೆಚ್ಚಿನ ದೋಷಗಳು ಸಿಕ್ಕಿಬೀಳುವುವು. ಝೂನ್ ಲೂಪಿನ ಗಡಿ 366. ಸೊನ್ನೆಯ ಅಂಕಿಗಳ ದೋಷ ಒಂದೂ ಸುತ್ತು ನಡೆಯದ ಬೆಲೆಯಲ್ಲಿತ್ತು. ಬ್ಲಾಕ್ ಅವರು ತೋರಿಸಿದ ದೋಷ ಅತಿ ದೊಡ್ಡ ಬೆಲೆಗಳಲ್ಲಿತ್ತು.

ಯಂತ್ರವೇ ನೋಡಿಕೊಳ್ಳಬಾರದೇ?

ಇಷ್ಟೆಲ್ಲ ಕಷ್ಟವನ್ನು ನಾವೇಕೆ ಪಡಬೇಕು, ಲೂಪು ಮುಗಿಯುವುದೋ ಇಲ್ಲವೋ ಎಂಬುದನ್ನು ಇನ್ನೊಂದು ಪ್ರೋಗ್ರಾಮೇ ಹೇಳಬಾರದೇ ಎಂದು ಚುರುಕಾದ ವಿದ್ಯಾರ್ಥಿಯು ಕೇಳಿಯಾನು. ಅನೇಕ ಲೂಪುಗಳ ವಿಷಯದಲ್ಲಿ ಹೇಳಬಹುದು. ಎಲ್ಲ ಲೂಪುಗಳ ವಿಷಯದಲ್ಲಿಯೂ ತಪ್ಪದೆ ಹೇಳಬಲ್ಲ ಒಂದು ವಿಧಾನ ಇರಲಾರದೆಂದು ಆಂಗ್ಲ ಗಣಿತಜ್ಞ ಅಲನ್ ಟ್ಯೂರಿಂಗನ 1936ರ ಸಂಶೋಧನೆಯಿಂದ ಸಿದ್ಧವಾಗಿದೆ.

ಇದಕ್ಕೆ ಒಂದು ಸೊಗಸಾದ ನಿದರ್ಶನವುಂಟು. ಒಂದು ಧನ ಪೂರ್ಣಾಂಕವನ್ನು ತೆಗೆದುಕೊಳ್ಳಿರಿ. ಅದು ಸಮವಾದರೆ ಅರ್ಧ ಮಾಡಿರಿ. ಬೆಸವಾದರೆ ಮೂರರಿಂದ ಗುಣಿಸಿ ಒಂದು ಕೂಡಿಸಿರಿ. 1 ಬರುವವರೆಗೂ ಹೀಗೆ ಮಾಡಿರಿ. 6ರಿಂದ ಹೊರಟರೆ 3, 10, 5, 16, 8, 4, 2, 1 ಎಂದು ಎಂಟು ಸುತ್ತುಗಳಲ್ಲಿ ಮುಗಿಯುವುದು. 27ರಿಂದ ಹೊರಟರೆ 111 ಸುತ್ತುಗಳು ಬೇಕು. ಜರ್ಮನಿಯ ಗಣಿತಜ್ಞ ಲೋಥಾರ್ ಕೊಲಾಟ್ಸನ ಹೆಸರಿನಿಂದ ಪ್ರಸಿದ್ಧವಾದ ಈ ಲೂಪು ಎಲ್ಲ ಸಂಖ್ಯೆಗಳಿಗೂ ಮುಗಿಯುವುದೇ ಎಂಬುದನ್ನು ಇದುವರೆಗೆ ಯಾರೂ ಸಾಧಿಸಿಲ್ಲ, ಅಲ್ಲಗಳೆದೂ ಇಲ್ಲ. ನಾಲ್ಕು ಸಾಲಿನ ಲೂಪಿನ ಮುಂದೆ ಲೋಕದ ಗಣಿತಜ್ಞರೆಲ್ಲ ಕೈಕಟ್ಟಿ ನಿಂತಿದ್ದಾರೆ!

ಜಾಡುಪಟ್ಟಿಗೂ ಮಿತಿಯುಂಟು. ಅದು ನಾವು ಆರಿಸಿದ ಬೆಲೆಗಳ ಸಂಗತಿಯನ್ನು ಮಾತ್ರ ಹೇಳುವುದು. ಎಲ್ಲ ಬೆಲೆಗಳಿಗೂ ಅನ್ವಯಿಸುವ ಮಾತನ್ನು ಹೇಳಲು, ವರ್ಗಸಂಖ್ಯೆಗಳ ವಿಷಯದಲ್ಲಿ ಮಾಡಿದಂತೆ, ಸ್ಥಿರಸಂಬಂಧವನ್ನು ಕಂಡು ಸಾಧಿಸಬೇಕು. 1967ರಲ್ಲಿ ರಾಬರ್ಟ್ ಫ್ಲಾಯ್ಡ್, 1969ರಲ್ಲಿ ಟೋನಿ ಹೋರ್ ಎಂಬ ವಿದ್ವಾಂಸರು ಈ ಮಾರ್ಗವನ್ನು ಶಾಸ್ತ್ರೀಯವಾಗಿ ಬೆಳೆಸಿದರು. ಆದರೆ ಸಾಧಿಸಬೇಕಾದ ಸಂಬಂಧ ಯಾವುದೆಂಬುದು ಮೊದಲು ಹೊಳೆಯುವುದು ಜಾಡುಪಟ್ಟಿಯ ಅಂಕಣಗಳಲ್ಲಿಯೇ.

ಅಭ್ಯಾಸಕ್ಕೆ ಮೂರು ಲೂಪುಗಳು

ಯಂತ್ರದ ನೆರವಿಲ್ಲದೆ, ಮೊದಲು ಕಾಗದದ ಮೇಲೆ ಮಾಡಿರಿ. ಅನಂತರ ಯಂತ್ರಕ್ಕೆ ಕೊಟ್ಟು ತಾಳೆ ನೋಡಿರಿ.

1. ಫಾರ್ (ಇಂಟ್ ಮೆಟ್ಟಿಲು = 10; ಮೆಟ್ಟಿಲು > 0; ಮೆಟ್ಟಿಲು = ಮೆಟ್ಟಿಲು - 3). ಸುತ್ತುಗಳು ಎಷ್ಟು? ಇದನ್ನು ವೈಲ್ ರೂಪಕ್ಕೆ ತಂದರೆ ಕೊನೆಗೆ 'ಮೆಟ್ಟಿಲು' ಎಷ್ಟಿರುವುದು? ಡು-ವೈಲ್ ರೂಪಕ್ಕೆ ತರುವುದು ಕ್ಷೇಮವೇ?

2. ಯೂಕ್ಲಿಡನ ಮಹತ್ತಮ ಸಾಮಾನ್ಯ ಅಪವರ್ತನದ ವಿಧಾನ: 'ಕಿರಿದು' ಸೊನ್ನೆಯಾಗುವವರೆಗೆ, 'ಹಿರಿದ'ನ್ನು 'ಕಿರಿದ'ರಿಂದ ಭಾಗಿಸಿ ಶೇಷವನ್ನು ಇಟ್ಟುಕೊ, 'ಕಿರಿದ'ನ್ನು 'ಹಿರಿದ'ರ ಗೂಡಿಗೆ ಹಾಕು, ಶೇಷವನ್ನು 'ಕಿರಿದ'ರ ಗೂಡಿಗೆ ಹಾಕು. ಹಿರಿದು 48, ಕಿರಿದು 18 ಎಂದು ಜಾಡು ಹಿಡಿಯಿರಿ. ತಪ್ಪಿ 18, 48 ಎಂದು ಅದಲುಬದಲು ಕೊಟ್ಟರೆ ಏನಾಗುವುದು?

3. ಕೊಲಾಟ್ಸನ ಲೂಪನ್ನು 7ರಿಂದ ಹೊರಡಿಸಿದರೆ 1 ಮುಟ್ಟಲು ಎಷ್ಟು ಸುತ್ತುಗಳು ಬೇಕು?

ಉತ್ತರಗಳು: (1) ಬೆಲೆಗಳು 10, 7, 4, 1, ಸುತ್ತುಗಳು ನಾಲ್ಕು, ಕೊನೆಯ ಬೆಲೆ −2. ಆರಂಭದಲ್ಲಿಯೇ ಷರತ್ತು ನಿಜವೆಂದು ತಿಳಿದಿರುವುದರಿಂದ ಡು-ವೈಲ್ ಕ್ಷೇಮ. ಆರಂಭದ ಬೆಲೆಯು ಹೊರಗಿನಿಂದ ಬರುವುದಾದರೆ ಕ್ಷೇಮವಲ್ಲ. (2) 48, 18, 18, 12, 12, 6, 6, 0. ಮೂರು ಸುತ್ತುಗಳು; ಉತ್ತರ 6. ಅದಲುಬದಲಾದರೆ ಮೊದಲನೆಯ ಸುತ್ತು ಅವುಗಳನ್ನು ತಾನೇ ಸರಿಪಡಿಸಿ, ನಾಲ್ಕು ಸುತ್ತುಗಳಲ್ಲಿ ಅದೇ ಉತ್ತರವನ್ನು ಕೊಡುವುದು. (3) ಹದಿನಾರು.

ಈ ಮೂರನ್ನು ಮಾಡಿ ಮುಗಿಸಿದ ವಾಚಕರು, ತಾವೇ ಬರೆದ ಯಾವುದಾದರೊಂದು ಲೂಪನ್ನು ಎತ್ತಿಕೊಂಡು ಅದರ ಗಡಿಯ ಬೆಲೆಗೆ ಎರಡು ಸಾಲಿನ ಜಾಡನ್ನು ಬರೆಯಲಿ. ಎರಡನೆಯ ಸಾಲು ಮೊದಲನೆಯದರಂತೆಯೇ ಇದ್ದರೆ, ಆ ಲೂಪನ್ನು ಯಂತ್ರಕ್ಕೆ ಕೊಡುವ ಮುನ್ನ ತಿದ್ದತಕ್ಕದ್ದು.